ಕಾಲೇಜಿನ ಮೇಲ್ ಸರ್ವರ್‌ಗೆ ಹೊರಗಿನಿಂದ ಬರುವ ಎಲ್ಲ ಮೇಲ್‌ಗಳೂ 554 ಎಂದು ತಿರಸ್ಕೃತವಾಗುತ್ತಿವೆ

ತುಂಗಾತೀರ (ಮಂಗಳವಾರ, ಬೆಳಿಗ್ಗೆ 9.40)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಪ್ರಯೋಗಾಲಯದ ಜೊತೆಗೆ ಕಾಲೇಜಿನ ಮೇಲ್ ಸರ್ವರ್ ಅನ್ನೂ ನೋಡಿಕೊಳ್ಳುತ್ತೇನೆ. ಕಳೆದ ಶನಿವಾರ ಹಳೆಯ ಯಂತ್ರವನ್ನು ನಿಲ್ಲಿಸಿ, ಬಾಡಿಗೆಗೆ ಪಡೆದ ಒಂದು ವರ್ಚುವಲ್ ಸರ್ವರ್‌ಗೆ ಎಲ್ಲವನ್ನೂ ಸ್ಥಳಾಂತರಿಸಿದೆವು. ಅದರಲ್ಲಿ ಉಬುಂಟು 22.04 ಇದೆ, ಮೇಲ್ ಕಳುಹಿಸುವ ಮತ್ತು ಸ್ವೀಕರಿಸುವ ತಂತ್ರಾಂಶ ಪೋಸ್ಟ್‌ಫಿಕ್ಸ್ ಮತ್ತು ಬಂದ ಮೇಲನ್ನು ಬಳಕೆದಾರರಿಗೆ ಒದಗಿಸುವ ಡವ್‌ಕಾಟ್ ಇವೆ. ಪೋಸ್ಟ್‌ಫಿಕ್ಸ್‌ನ ಸೆಟ್ಟಿಂಗ್‌ಗಳಿರುವ ಮೇನ್.ಸಿಎಫ್ ಕಡತವನ್ನು ಒಂದಕ್ಷರವೂ ಬದಲಿಸದೆ ಹಳೆಯ ಯಂತ್ರದಿಂದ ನಕಲು ಮಾಡಿದ್ದೇನೆ. ಹಳೆಯದರಲ್ಲಿ ಇದೇ ಕಡತ ವರ್ಷಗಟ್ಟಲೆ ತೊಂದರೆಯಿಲ್ಲದೆ ನಡೆದಿತ್ತು.

ಈಗ ಕಾಲೇಜಿನ ಒಳಗೆ ಒಬ್ಬರಿಂದ ಒಬ್ಬರಿಗೆ ಮೇಲ್ ಹೋಗುತ್ತದೆ, ಹೊರಗೆ ಕಳುಹಿಸಿದ್ದೂ ತಲುಪುತ್ತದೆ. ಆದರೆ ಹೊರಗಿನಿಂದ ನಮಗೆ ಬರಬೇಕಾದ ಒಂದೇ ಒಂದು ಮೇಲ್ ಕೂಡ ಭಾನುವಾರದಿಂದ ಬಂದಿಲ್ಲ. ಜಿಮೇಲ್‌ನಿಂದ ನಾನೇ ಕಳುಹಿಸಿ ನೋಡಿದಾಗ, 554 5.7.1 ಎಂಬ ಸಂಖ್ಯೆಯೊಂದಿಗೆ ಕೂಡಲೇ ಹಿಂದಿರುಗಿ ಬಂತು. ಇದು ಪ್ರವೇಶದ ಸಮಯ. ವಿದ್ಯಾರ್ಥಿಗಳು ಅಂಕಪಟ್ಟಿಗಳನ್ನು ಮೇಲ್ ಮೂಲಕವೇ ಕಳುಹಿಸುತ್ತಾರೆ, ವಿದ್ಯಾರ್ಥಿವೇತನದ ಪತ್ರವ್ಯವಹಾರವೂ ಇಲ್ಲಿಗೇ ಬರುತ್ತದೆ. ದಯವಿಟ್ಟು ಎಲ್ಲಿಂದ ಹುಡುಕಲು ಆರಂಭಿಸಬೇಕೆಂದು ತಿಳಿಸಿ.

ಬಯಲುಸೀಮೆ (ಮಂಗಳವಾರ, ಬೆಳಿಗ್ಗೆ 10.05)

ಹೊಸ ಸರ್ವರ್‌ನ ಐಪಿ ವಿಳಾಸ ಸ್ಪ್ಯಾಮ್ ಕಳುಹಿಸುವ ವಿಳಾಸಗಳ ಯಾವುದಾದರೂ ಕಪ್ಪುಪಟ್ಟಿಯಲ್ಲಿ ಸೇರಿರಬೇಕು. ಬಾಡಿಗೆಯ ಸರ್ವರ್‌ಗಳ ವಿಳಾಸವನ್ನು ನಮಗಿಂತ ಮೊದಲು ಬೇರೆ ಯಾರೋ ಬಳಸಿ ಹಾಳು ಮಾಡಿರುತ್ತಾರೆ. ನಮ್ಮ ಕಚೇರಿಯಲ್ಲೂ ಹಾಗೆಯೇ ಆಗಿತ್ತು. ಪಟ್ಟಿಯಿಂದ ತೆಗೆಸಲು ಅರ್ಜಿ ಹಾಕಿ, ಎರಡು ದಿನದಲ್ಲಿ ಸರಿಹೋಗುತ್ತದೆ.

ಅಂಚೆಯಣ್ಣ (ಮಂಗಳವಾರ, ಬೆಳಿಗ್ಗೆ 10.30)

ಬಯಲುಸೀಮೆಯವರೇ, ನೀವು ಹೇಳಿದ ತೊಂದರೆ ನಿಜವಾಗಿಯೂ ಇರುವಂಥದ್ದೇ, ಆದರೆ ಅದು ನಾವು ಕಳುಹಿಸುವ ಮೇಲ್‌ಗೆ ಸಂಬಂಧಿಸಿದ್ದು. ನಮ್ಮ ವಿಳಾಸ ಕಪ್ಪುಪಟ್ಟಿಯಲ್ಲಿದ್ದರೆ ನಮ್ಮ ಮೇಲನ್ನು ಬೇರೆಯವರು ತಿರಸ್ಕರಿಸುತ್ತಾರೆ. ಇಲ್ಲಿ ಕಳುಹಿಸಿದ್ದು ತಲುಪುತ್ತಿದೆ, ಬರುವುದು ನಿಂತಿದೆ. ಎಂದರೆ ಬಾಗಿಲು ಹಾಕುತ್ತಿರುವುದು ತುಂಗಾತೀರ ಅವರ ಸರ್ವರ್ ತಾನೇ. ಆದ್ದರಿಂದ ಎಲ್ಲಿಗೂ ಅರ್ಜಿ ಹಾಕುವ ಅಗತ್ಯವಿಲ್ಲ.

ತುಂಗಾತೀರ ಅವರೇ, ಕೆರೆಯ ಏರಿ ಬಿರಿದಾಗ ಮೊದಲು ಮಣ್ಣು ಹಾಕಿ ನೀರು ನಿಲ್ಲಿಸುತ್ತಾರೆ, ಕಾರಣವನ್ನು ಆಮೇಲೆ ಹುಡುಕುತ್ತಾರೆ. ನೀವೂ ಮೊದಲು ಮೇನ್.ಸಿಎಫ್‌ನಲ್ಲಿ ಸಾಫ್ಟ್_ಬೌನ್ಸ್ = ಯೆಸ್ ಎಂದು ಸೇರಿಸಿ ಪೋಸ್ಟ್‌ಫಿಕ್ಸ್ ಅನ್ನು ರೀಲೋಡ್ ಮಾಡಿ. 5ರಿಂದ ಆರಂಭವಾಗುವ ಉತ್ತರ ಶಾಶ್ವತ ತಿರಸ್ಕಾರ. ಅದನ್ನು ಕಂಡ ಕೂಡಲೇ ಕಳುಹಿಸುವ ಸರ್ವರ್ ಪ್ರಯತ್ನವನ್ನು ಕೈಬಿಟ್ಟು, ಮೇಲನ್ನು ಕಳುಹಿಸಿದವರಿಗೆ ಹಿಂದಿರುಗಿಸುತ್ತದೆ. 4ರಿಂದ ಆರಂಭವಾಗುವುದು ತಾತ್ಕಾಲಿಕ. ಅದನ್ನು ಕಂಡ ಸರ್ವರ್ ಮೇಲನ್ನು ತನ್ನ ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಮತ್ತು ಮೇಲ್ ಸಾಗಣೆಯ ಮಾನದಂಡವಾದ ಆರ್‌ಎಫ್‌ಸಿ 5321ರ ಪ್ರಕಾರ ಕನಿಷ್ಠ ನಾಲ್ಕೈದು ದಿನ ಹಾಗೆ ಕಾಯಬೇಕು. ನಾನು ಹೇಳಿದ ಸಾಲು ನಿಮ್ಮ 554 ಅನ್ನು 454 ಮಾಡುತ್ತದೆ. ಇದು ಪರಿಹಾರವಲ್ಲ, ಆದರೆ ಈ ಗಂಟೆಯಿಂದ ಬರುವ ಮೇಲ್‌ಗಳು ಕಳೆದುಹೋಗದೆ ಹೊರಗೆ ಕಾಯುತ್ತವೆ. ದೋಷ ಸರಿಯಾದ ಮೇಲೆ ಅದನ್ನು ಮರೆಯದೆ ತೆಗೆಯಬೇಕು, ಏಕೆಂದರೆ ಅದು ನಿಮ್ಮ ಸರ್ವರ್ ಹೊರಡಿಸಬೇಕಾದ ಬೌನ್ಸ್ ಪತ್ರಗಳನ್ನೂ (ಮೇಲ್ ತಲುಪಲಿಲ್ಲ ಎಂಬ ಸೂಚನೆಗಳನ್ನು) ತಡೆಹಿಡಿಯುತ್ತದೆ.

ಅನಂತರ ಮೇಲ್.ಲಾಗ್ ಕಡತದಲ್ಲಿ ನೋಕ್ಯೂ: ರಿಜೆಕ್ಟ್ ಎಂದಿರುವ ಒಂದು ಸಾಲನ್ನು ಪೂರ್ತಿಯಾಗಿ ಇಲ್ಲಿ ಹಾಕಿ. ಪೋಸ್ಟ್‌ಕಾನ್ಫ್ -ಎನ್ ಕೊಡುವ ಫಲಿತಾಂಶದಲ್ಲಿ ರೆಸ್ಟ್ರಿಕ್ಷನ್ಸ್ ಎಂದು ಕೊನೆಯಾಗುವ ಸಾಲುಗಳೂ ಬೇಕು.

ತುಂಗಾತೀರ (ಮಂಗಳವಾರ, ಬೆಳಿಗ್ಗೆ 11.15)

ಸಾಫ್ಟ್_ಬೌನ್ಸ್ ಸೇರಿಸಿದ್ದೇನೆ. ಈಗ ಲಾಗ್‌ನಲ್ಲಿ 454 ಎಂದೇ ಕಾಣುತ್ತಿದೆ, ಧನ್ಯವಾದಗಳು. ಲಾಗ್‌ನ ಸಾಲು ಹೀಗಿದೆ:

ನೋಕ್ಯೂ: ರಿಜೆಕ್ಟ್: ಆರ್‌ಸಿಪಿಟಿ ಫ್ರಮ್ (ಗೂಗಲ್‌ನ ಒಂದು ಸರ್ವರ್, 209.85 ಎಂದು ಆರಂಭವಾಗುವ ವಿಳಾಸ): 454 4.7.1 ಸರ್ವಿಸ್ ಅನ್‌ಅವೈಲಬಲ್. ಕ್ಲೈಂಟ್ ಹೋಸ್ಟ್ ಬ್ಲಾಕ್ಡ್ ಯೂಸಿಂಗ್ ಝೆನ್.ಸ್ಪ್ಯಾಮ್‌ಹೌಸ್.ಆರ್ಗ್

ನಿರ್ಬಂಧಗಳ ಕ್ರಮ: ಮೊದಲು ಪರ್ಮಿಟ್_ಮೈನೆಟ್‌ವರ್ಕ್ಸ್, ಆಮೇಲೆ ಪರ್ಮಿಟ್_ಎಸ್‌ಎಎಸ್‌ಎಲ್_ಆಥೆಂಟಿಕೇಟೆಡ್, ರಿಜೆಕ್ಟ್_ಅನ್‌ಆತ್_ಡೆಸ್ಟಿನೇಶನ್, ರಿಜೆಕ್ಟ್_ಅನ್‌ನೋನ್_ಕ್ಲೈಂಟ್_ಹೋಸ್ಟ್‌ನೇಮ್, ಕೊನೆಗೆ ಎರಡು ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್ ಸಾಲುಗಳು. ಒಂದು ಸ್ಪ್ಯಾಮ್‌ಹೌಸ್ ಸಂಸ್ಥೆಯ ಝೆನ್ ಎಂಬ ಕಪ್ಪುಪಟ್ಟಿಗೆ, ಇನ್ನೊಂದು ಸೋರ್ಬ್ಸ್ ಎಂಬ ಕಪ್ಪುಪಟ್ಟಿಗೆ. ಗೂಗಲ್‌ನ ಸರ್ವರ್‌ಗಳೆಲ್ಲವೂ ಕಪ್ಪುಪಟ್ಟಿಯಲ್ಲಿ ಇರಲು ಸಾಧ್ಯವೇ?

ಅಂಚೆಯಣ್ಣ (ಮಂಗಳವಾರ, ಬೆಳಿಗ್ಗೆ 11.25)

ಸಾಧ್ಯವಿಲ್ಲ. ನೀವು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಒಬ್ಬ ಕಳುಹಿಸುವವರು ಪಟ್ಟಿಯಲ್ಲಿದ್ದರೆ ಅದು ಅವರ ತೊಂದರೆ, ಲೋಕವೆಲ್ಲ ಪಟ್ಟಿಯಲ್ಲಿದ್ದರೆ ಕೇಳುತ್ತಿರುವವರಲ್ಲೇ ತೊಂದರೆ. ಒಳಗಿನ ಮೇಲ್ ಏಕೆ ಸಾಗುತ್ತಿದೆ ಎಂಬುದೂ ನಿಮ್ಮ ಕ್ರಮದಿಂದಲೇ ತಿಳಿಯುತ್ತದೆ. ನಿಮ್ಮ ಸ್ವಂತ ಜಾಲದವರಿಗೂ ಲಾಗಿನ್ ಆದವರಿಗೂ ಮೊದಲ ಎರಡು ನಿಯಮಗಳಲ್ಲೇ ಅನುಮತಿ ಸಿಗುವುದರಿಂದ, ಅವರ ವಿಚಾರದಲ್ಲಿ ಪಟ್ಟಿಯನ್ನು ಕೇಳುವ ಹಂತವೇ ಬರುವುದಿಲ್ಲ.

ಆದರೆ ನೀವು ಹಾಕಿದ ಸಾಲು ಪೂರ್ತಿಯಾಗಿಲ್ಲ. ಪಟ್ಟಿಯ ಹೆಸರಾದ ಮೇಲೆ ಒಂದು ಅರ್ಧವಿರಾಮ ಮತ್ತು ಪಟ್ಟಿಯವರೇ ಕೊಡುವ ಕಾರಣ ಇರುತ್ತದೆ. ಪರದೆಯ ಅಂಚಿನಲ್ಲಿ ಸಾಲು ಕತ್ತರಿಸಿ ಹೋಗಿರಬಹುದು. ಅದನ್ನು ನೋಡಿ ಹೇಳಿ, ಜೊತೆಗೆ ರಿಸಾಲ್ವ್.ಕಾನ್ಫ್ ಕಡತದಲ್ಲಿ ಯಾವ ಡಿಎನ್‌ಎಸ್ ಸರ್ವರ್ (ಹೆಸರುಗಳಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್, ಇದನ್ನೇ ರಿಸಾಲ್ವರ್ ಎನ್ನುತ್ತಾರೆ) ಇದೆಯೆಂದೂ ತಿಳಿಸಿ.

ತುಂಗಾತೀರ (ಮಂಗಳವಾರ, ಬೆಳಿಗ್ಗೆ 11.40)

ಹೌದು, ಬಲಕ್ಕೆ ಸರಿಸಿದಾಗ ಕಂಡಿತು: ಎರರ್: ಓಪನ್ ರಿಸಾಲ್ವರ್ ಎಂದಿದೆ, ಮುಂದೆ ಸ್ಪ್ಯಾಮ್‌ಹೌಸ್‌ನ ಒಂದು ಪುಟದ ಕೊಂಡಿ ಇದೆ. ರಿಸಾಲ್ವ್.ಕಾನ್ಫ್‌ನಲ್ಲಿ ಇರುವುದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್ 8.8.8.8 ಒಂದೇ. ಉಬುಂಟುವಿನಲ್ಲಿ ಅದು ಸಾಮಾನ್ಯವಾಗಿ 127.0.0.53 ಎಂದು ಬರೆದಿರುವ ಬೇರೆ ಕಡತಕ್ಕೆ ಹೋಗುವ ಕೊಂಡಿಯಾಗಿರುತ್ತದೆ. ಯಂತ್ರವನ್ನು ಸಜ್ಜುಗೊಳಿಸಿದವರು ಆ ಕೊಂಡಿಯನ್ನು ತೆಗೆದು ನೇರವಾಗಿ ಬರೆದಿದ್ದಾರೆ. ಹಳೆಯ ಯಂತ್ರದಲ್ಲಿ ನಮ್ಮದೇ ಡಿಎನ್‌ಎಸ್ ಸರ್ವರ್ (ಬೈಂಡ್) ಇತ್ತು.

ಹೊರನಾಡಿಗ (ಮಂಗಳವಾರ, ಮಧ್ಯಾಹ್ನ 1.10)

ಅಲ್ಲೇ ಉತ್ತರವಿದೆ. ಇದನ್ನು ನಾನು ಕೆಲಸ ಮಾಡುವ ಕಡೆ ಮೂರು ಬಾರಿ ಕಂಡಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಂತಹ ಪಟ್ಟಿಗಳನ್ನು ಕೇಳುವುದು ಡಿಎನ್‌ಎಸ್ ಮೂಲಕ. 192.0.2.10 ಎಂಬ ವಿಳಾಸದಿಂದ ಮೇಲ್ ಬಂದರೆ, ಪೋಸ್ಟ್‌ಫಿಕ್ಸ್ ಆ ಸಂಖ್ಯೆಗಳನ್ನು ಹಿಂದುಮುಂದಾಗಿಸಿ 10.2.0.192.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್ ಎಂಬ ಹೆಸರು ಇದೆಯೇ ಎಂದು ಕೇಳುತ್ತದೆ. ಅಂತಹ ಹೆಸರಿಲ್ಲ ಎಂದರೆ ವಿಳಾಸ ಪಟ್ಟಿಯಲ್ಲಿಲ್ಲ. 127ರಿಂದ ಆರಂಭವಾಗುವ ಒಂದು ಉತ್ತರ ಬಂದರೆ ಪಟ್ಟಿಯಲ್ಲಿದೆ, ಮತ್ತು ಆ ಉತ್ತರದ ಕೊನೆಯ ಅಂಕೆ ಯಾವ ಕಾರಣಕ್ಕೆಂದು ತಿಳಿಸುತ್ತದೆ. ಝೆನ್‌ನಲ್ಲಿ 127.0.0.2 ಎಂದರೆ ಸ್ಪ್ಯಾಮ್ ಮೂಲಗಳ ಪಟ್ಟಿ, 127.0.0.4 ಎಂದರೆ ದುರುದ್ದೇಶದ ತಂತ್ರಾಂಶ ಹೊಕ್ಕ ಯಂತ್ರಗಳ ಪಟ್ಟಿ, 127.0.0.10 ಮತ್ತು 11 ಎಂದರೆ ನೇರವಾಗಿ ಮೇಲ್ ಕಳುಹಿಸಬಾರದ, ಮನೆಗಳ ಇಂಟರ್‌ನೆಟ್ ಸಂಪರ್ಕದಂತಹ ವಿಳಾಸಗಳು.

ತೊಂದರೆ ಹುಟ್ಟುವುದು ಇದರಾಚೆಗೆ. ಈ ಪಟ್ಟಿ ಸಣ್ಣ ಪ್ರಮಾಣದ, ವಾಣಿಜ್ಯೇತರ ಬಳಕೆಗೆ ಉಚಿತ. ಯಾರು ಎಷ್ಟು ಕೇಳುತ್ತಿದ್ದಾರೆ ಎಂದು ತಿಳಿಯಬೇಕಾದರೆ ಪ್ರಶ್ನೆ ಯಾರ ಸರ್ವರ್‌ನಿಂದ ಬಂತೆಂದು ಕಾಣಬೇಕು. 8.8.8.8ರಂತಹ ಸಾರ್ವಜನಿಕ ರಿಸಾಲ್ವರ್ ಮೂಲಕ ಕೇಳಿದಾಗ ಲಕ್ಷಾಂತರ ಜನರ ಪ್ರಶ್ನೆಗಳು ಒಂದೇ ಬಾಯಿಂದ ಬಂದಂತೆ ಕಾಣುತ್ತವೆ. ಆದ್ದರಿಂದ ಅಂತಹ ದಾರಿಯಲ್ಲಿ ಬಂದ ಪ್ರಶ್ನೆಗೆ ಅವರು 127.255.255.254 ಎಂಬ ಬೇರೆಯೇ ಉತ್ತರ ಕೊಡುತ್ತಾರೆ. ಮಿತಿ ಮೀರಿ ಕೇಳಿದವರಿಗೆ 127.255.255.255 ಸಿಗುತ್ತದೆ, ಪಟ್ಟಿಯ ಹೆಸರನ್ನೇ ತಪ್ಪಾಗಿ ಬರೆದವರಿಗೆ 127.255.255.252. ಈ ಮೂರೂ ದೋಷ ಸೂಚನೆಗಳೇ ಹೊರತು, ಆ ವಿಳಾಸ ಕೆಟ್ಟದ್ದು ಎಂಬ ತೀರ್ಪಲ್ಲ. ಆದರೆ ನಿಮ್ಮ ಮೇನ್.ಸಿಎಫ್‌ನಲ್ಲಿ ಪಟ್ಟಿಯ ಹೆಸರಷ್ಟೇ ಇದೆ, ಯಾವ ಉತ್ತರವನ್ನು ಒಪ್ಪಬೇಕೆಂದು ಹೇಳಿಲ್ಲ. ಹಾಗಿದ್ದಾಗ ಪೋಸ್ಟ್‌ಫಿಕ್ಸ್ ಯಾವ ಉತ್ತರ ಬಂದರೂ ‘ಇದೆ’ ಎಂದೇ ತಿಳಿಯುತ್ತದೆ. ಪಟ್ಟಿಯವರು ತಮ್ಮ ನಿಯಮವನ್ನು ಬಹಿರಂಗವಾಗಿಯೇ ಹೇಳಿದ್ದಾರೆ, ಪೋಸ್ಟ್‌ಫಿಕ್ಸ್ ಕೂಡ ಹೇಳಿದ್ದನ್ನೇ ಮಾಡಿದೆ. ಸರಿಪಡಿಸಬೇಕಾದದ್ದು ಆ ಒಂದು ಸಾಲನ್ನು ಮತ್ತು ಡಿಎನ್‌ಎಸ್ ದಾರಿಯನ್ನು.

ಸಾಲನ್ನು ಹೀಗೆ ಬದಲಿಸಿ: ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್ ಝೆನ್.ಸ್ಪ್ಯಾಮ್‌ಹೌಸ್.ಆರ್ಗ್=127.0.0.[2..11]. ಇದರಿಂದ ಪಟ್ಟಿಯ ನಿಜವಾದ ಉತ್ತರಗಳಿಗೆ ಮಾತ್ರ ತಿರಸ್ಕಾರವಾಗುತ್ತದೆ, ದೋಷ ಸೂಚನೆ ಬಂದರೆ ಮೇಲ್ ಒಳಗೆ ಬರುತ್ತದೆ. ಆದರೆ ಇದೊಂದನ್ನೇ ಮಾಡಿ ಸುಮ್ಮನಾದರೆ ಪಟ್ಟಿ ಇದ್ದೂ ಇಲ್ಲದಂತಾಗುತ್ತದೆ, ಸ್ಪ್ಯಾಮ್ ಎಲ್ಲವೂ ನುಗ್ಗುತ್ತದೆ. ಆದ್ದರಿಂದ ಸರ್ವರ್‌ನಲ್ಲೇ ಅನ್‌ಬೌಂಡ್ ಎಂಬ ರಿಸಾಲ್ವರ್ ತಂತ್ರಾಂಶವನ್ನು ಸ್ಥಾಪಿಸಿ, ಅದು ಬೇರೆ ಯಾರಿಗೂ ಫಾರ್ವರ್ಡ್ ಮಾಡದೆ ತಾನೇ ಮೂಲದಿಂದ ಉತ್ತರ ಹುಡುಕುವಂತೆ ಬಿಟ್ಟು, ರಿಸಾಲ್ವ್.ಕಾನ್ಫ್‌ನಲ್ಲಿ 127.0.0.1 (ಇದೇ ಯಂತ್ರ ಎಂದರ್ಥ) ಎಂದು ಬರೆಯಿರಿ. ಸರ್ವರ್‌ನ ಐಪಿ ವಿಳಾಸಕ್ಕೆ ನಿಮ್ಮ ಕಾಲೇಜಿನ ಡೊಮೇನ್‌ನ ಪಿಟಿಆರ್ ದಾಖಲೆ (ಐಪಿ ವಿಳಾಸದಿಂದ ಹೆಸರು ತಿಳಿಸುವ ಡಿಎನ್‌ಎಸ್ ದಾಖಲೆ) ಇದೆಯೇ ಎಂದೂ ನೋಡಿ. ಬಾಡಿಗೆ ಕೊಟ್ಟವರ ಸಾಮಾನ್ಯ ಹೆಸರೇ ಉಳಿದಿದ್ದರೆ, ಕೇಳುವವರು ಯಾರೆಂದು ತಿಳಿಯದ ಕಾರಣ, ಸ್ವಂತ ರಿಸಾಲ್ವರ್ ಇದ್ದರೂ ಅದೇ 254ರ ಉತ್ತರ ಬರುವುದುಂಟು.

ಪರೀಕ್ಷೆ ಸುಲಭ. ಇಂತಹ ಪಟ್ಟಿಗಳನ್ನು ವಿವರಿಸುವ ಆರ್‌ಎಫ್‌ಸಿ 5782ರ ಪ್ರಕಾರ ಪ್ರತಿ ಪಟ್ಟಿಯಲ್ಲೂ 127.0.0.2 ಎಂಬ ವಿಳಾಸ ಸದಾ ಇರಬೇಕು, 127.0.0.1 ಎಂದೂ ಇರಬಾರದು. ಡಿಎನ್‌ಎಸ್ ಅನ್ನು ಕೇಳಿ ನೋಡುವ ಡಿಗ್ ಆದೇಶ ಬಳಸಿ 2.0.0.127 ಮತ್ತು 1.0.0.127 ಎರಡನ್ನೂ ಝೆನ್‌ನಲ್ಲಿ ಕೇಳಿ. ಮೊದಲನೆಯದಕ್ಕೆ ಉತ್ತರವಿದ್ದು ಎರಡನೆಯದಕ್ಕೆ ಇಲ್ಲದಿದ್ದರೆ ದಾರಿ ಸರಿಯಿದೆ.

ಬಯಲುಸೀಮೆ (ಮಂಗಳವಾರ, ಮಧ್ಯಾಹ್ನ 1.45)

ನನ್ನ ಮೊದಲ ಉತ್ತರ ತಪ್ಪಾಗಿತ್ತು, ತುಂಗಾತೀರ ಅವರ ಕ್ಷಮೆ ಕೇಳುತ್ತೇನೆ. ನಮ್ಮ ಸರ್ವರ್‌ನ ಕಡತದಲ್ಲೂ ಪಟ್ಟಿಯ ಹೆಸರಷ್ಟೇ ಇರುವುದನ್ನು ಈಗ ನೋಡಿ ಸರಿಪಡಿಸಿದೆ. ಇನ್ನೊಂದು ಸಂದೇಹವಿದೆ: ಸೋರ್ಬ್ಸ್ ಪಟ್ಟಿ ಈಗ ನಡೆಯುತ್ತಿದೆಯೇ?

ಹೊರನಾಡಿಗ (ಮಂಗಳವಾರ, ಮಧ್ಯಾಹ್ನ 2.00)

ಇಲ್ಲ, ಅದು 2024ರ ಜೂನ್‌ನಲ್ಲಿ ಮುಚ್ಚಿತು. ದಯವಿಟ್ಟು ಇಬ್ಬರೂ ಆ ಸಾಲನ್ನು ಇಂದೇ ತೆಗೆಯಿರಿ. ಮುಚ್ಚಿದ ಪಟ್ಟಿ ಖಾಲಿ ಉತ್ತರ ಕೊಡುವವರೆಗೆ ಅಪಾಯವಿಲ್ಲ, ಆದರೆ ಹಾಗೆಯೇ ಇರುತ್ತದೆ ಎಂಬ ಭರವಸೆ ಇಲ್ಲ. ಒಆರ್‌ಡಿಬಿ ಎಂಬ ಪಟ್ಟಿ 2006ರ ಡಿಸೆಂಬರ್‌ನಲ್ಲಿ ಮುಚ್ಚಿತ್ತು. ಆಮೇಲೂ ಅದನ್ನು ಕೇಳುತ್ತಲೇ ಇದ್ದ ಸರ್ವರ್‌ಗಳಿಗೆ 2008ರ ಮಾರ್ಚ್‌ನಿಂದ ಪ್ರತಿಯೊಂದು ವಿಳಾಸಕ್ಕೂ ‘ಇದೆ’ ಎಂಬ ಉತ್ತರ ಬರತೊಡಗಿತು. ಹಳೆಯ ಸಾಲನ್ನು ಉಳಿಸಿಕೊಂಡಿದ್ದವರ ಮೇಲ್ ಎಲ್ಲ ಒಂದೇ ದಿನದಲ್ಲಿ ನಿಂತಿತು.

ತುಂಗಾತೀರ (ಮಂಗಳವಾರ, ಸಂಜೆ 4.20)

ಅನ್‌ಬೌಂಡ್ ಸ್ಥಾಪಿಸಿ ರಿಸಾಲ್ವ್.ಕಾನ್ಫ್ ಬದಲಿಸಿದೆ, ಸೋರ್ಬ್ಸ್ ಸಾಲನ್ನು ತೆಗೆದೆ. ಡಿಗ್‌ನ ಎರಡೂ ಪರೀಕ್ಷೆಗಳು ನೀವು ಹೇಳಿದಂತೆಯೇ ಬಂದವು. ಪಿಟಿಆರ್ ದಾಖಲೆಯೂ ಕಾಲೇಜಿನ ಹೆಸರಿನಲ್ಲೇ ಇದೆ. ಸಾಲಿನಲ್ಲಿ 127.0.0.[2..11] ಸೇರಿಸುವ ಮೊದಲು, ಡಿಎನ್‌ಎಸ್ ಬದಲಾವಣೆ ಒಂದರಿಂದಲೇ ಸರಿಹೋಯಿತೇ ಎಂದು ಖಚಿತಪಡಿಸಿಕೊಳ್ಳಲು ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ ಜಿಮೇಲ್‌ನಿಂದ ಕಳುಹಿಸಿದೆ. ಮತ್ತೆ ಅದೇ 454, ಅದೇ ಓಪನ್ ರಿಸಾಲ್ವರ್. ಅದೇ ಯಂತ್ರದಲ್ಲಿ ಡಿಗ್‌ಗೆ ಒಂದು ಉತ್ತರ, ಪೋಸ್ಟ್‌ಫಿಕ್ಸ್‌ಗೆ ಇನ್ನೊಂದು ಉತ್ತರ ಹೇಗೆ ಸಾಧ್ಯ?

ಅಂಚೆಯಣ್ಣ (ಮಂಗಳವಾರ, ಸಂಜೆ 4.50)

ನೀವು ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡದೆ ಒಂದೊಂದಾಗಿ ಪರೀಕ್ಷಿಸಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಈ ಎರಡನೆಯ ದೋಷ ಕಣ್ಣಿಗೆ ಬೀಳದೆ ಉಳಿದುಬಿಡುತ್ತಿತ್ತು.

ಉಬುಂಟು 22.04ರಲ್ಲಿ ಪೋಸ್ಟ್‌ಫಿಕ್ಸ್‌ನ ಹೊರಗಿನಿಂದ ಮೇಲ್ ಸ್ವೀಕರಿಸುವ ಎಸ್‌ಎಂಟಿಪಿಡಿ ಪ್ರಕ್ರಿಯೆ ಕ್ರೂಟ್‌ನಲ್ಲಿ ನಡೆಯುತ್ತದೆ. ಎಂದರೆ ಸುರಕ್ಷತೆಗಾಗಿ ಅದಕ್ಕೆ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಎಂಬ ಕೋಶವೇ ಇಡೀ ಯಂತ್ರವಾಗಿ ಕಾಣುತ್ತದೆ, ಅದರಾಚೆಗೆ ಏನೂ ಕಾಣುವುದಿಲ್ಲ. ಆದ್ದರಿಂದ ಅದು ಓದುವುದು ನೀವು ತಿದ್ದಿದ ರಿಸಾಲ್ವ್.ಕಾನ್ಫ್ ಅನ್ನಲ್ಲ, ಆ ಕೋಶದೊಳಗಿನ ಇಟಿಸಿಯಲ್ಲಿರುವ ಅದರ ನಕಲನ್ನು. ಸೇವೆ ಆರಂಭವಾಗುವಾಗ ಮೂಲ ಕಡತವನ್ನು ಅಲ್ಲಿಗೆ ನಕಲು ಮಾಡಲಾಗುತ್ತದೆ, ರೀಲೋಡ್ ಮಾಡುವಾಗ ಅಲ್ಲ. ನಿಮ್ಮ ನಕಲಿನಲ್ಲಿ ಇನ್ನೂ 8.8.8.8 ಇದ್ದೇ ಇರುತ್ತದೆ. ಅದನ್ನು ತೆರೆದು ನೋಡಿ, ಆಮೇಲೆ ರೀಲೋಡ್ ಬದಲು ರೀಸ್ಟಾರ್ಟ್ ಮಾಡಿ.

ತುಂಗಾತೀರ (ಮಂಗಳವಾರ, ಸಂಜೆ 5.15)

ನೀವು ಹೇಳಿದಂತೆಯೇ ನಕಲಿನಲ್ಲಿ 8.8.8.8 ಇತ್ತು. ರೀಸ್ಟಾರ್ಟ್ ಮಾಡಿದೆ. ಎರಡು ನಿಮಿಷದೊಳಗೆ ಮೊದಲ ಮೇಲ್ ಬಂತು, ಅದು ಪಿಯು ಮುಗಿಸಿದ ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿ. ಬೆಳಿಗ್ಗೆಯಿಂದ ಹೊರಗೆ ಕಾಯುತ್ತಿದ್ದ ಮೇಲ್‌ಗಳು ಈಗ ಒಂದೊಂದಾಗಿ ಬರುತ್ತಿವೆ. ನಿಮ್ಮೆಲ್ಲರಿಗೆ ಮನಃಪೂರ್ವಕ ಕೃತಜ್ಞತೆಗಳು. ಸಾಲಿನಲ್ಲಿ 127.0.0.[2..11] ಅನ್ನೂ ಸೇರಿಸಿದ್ದೇನೆ.

ಒಂದು ವಿಷಯ ಉಳಿದಿದೆ. ನಮಗೆ ನಿತ್ಯ ಪತ್ರ ಬರೆಯುವ ಒಂದು ಕಚೇರಿಯ ಮೇಲ್ ಮಾತ್ರ ಇನ್ನೂ ಬರುತ್ತಿಲ್ಲ. ಅಲ್ಲಿ ಕಾರಣ ಬೇರೆ: 450 4.7.25, ಕ್ಲೈಂಟ್ ಹೋಸ್ಟ್ ರಿಜೆಕ್ಟೆಡ್: ಕೆನಾಟ್ ಫೈಂಡ್ ಯುವರ್ ಹೋಸ್ಟ್‌ನೇಮ್.

ಕಾವೇರಿಬಯಲು (ಮಂಗಳವಾರ, ರಾತ್ರಿ 8.30)

ಇದು ನಿಮ್ಮ ಪಟ್ಟಿಯಲ್ಲಿರುವ ರಿಜೆಕ್ಟ್_ಅನ್‌ನೋನ್_ಕ್ಲೈಂಟ್_ಹೋಸ್ಟ್‌ನೇಮ್ ನಿಯಮದ ಕೆಲಸ. ಅದು ಮೂರು ವಿಷಯಗಳನ್ನು ಕೇಳುತ್ತದೆ: ಕಳುಹಿಸುವವರ ಐಪಿ ವಿಳಾಸಕ್ಕೆ ಒಂದು ಹೆಸರಿದೆಯೇ, ಆ ಹೆಸರಿಗೆ ವಿಳಾಸವಿದೆಯೇ, ಆ ವಿಳಾಸ ಮೊದಲಿನ ಐಪಿಯೇ ಆಗಿದೆಯೇ. ಮೂರರಲ್ಲಿ ಒಂದು ತಪ್ಪಿದರೂ ತಿರಸ್ಕಾರ. ಸಣ್ಣ ಊರುಗಳ ಕಚೇರಿಗಳಲ್ಲಿ ಸಂಪರ್ಕ ಕೊಡುವವರನ್ನು ಬದಲಿಸಿದಾಗ ಪಿಟಿಆರ್ ಹಳೆಯದೇ ಉಳಿದು, ಎರಡು ದಾಖಲೆಗಳೂ ಇದ್ದು ಒಂದಕ್ಕೊಂದು ಹೊಂದದಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ನನ್ನ ಅಭಿಪ್ರಾಯದಲ್ಲಿ ಕಾಲೇಜಿನಂತಹ ಸಂಸ್ಥೆಗೆ ಈ ನಿಯಮ ತುಂಬ ಕಠಿಣ. ಅದರ ಬದಲು ರಿಜೆಕ್ಟ್_ಅನ್‌ನೋನ್_ರಿವರ್ಸ್_ಕ್ಲೈಂಟ್_ಹೋಸ್ಟ್‌ನೇಮ್ ಹಾಕಿ. ಅದು ಹೆಸರೇ ಇಲ್ಲದ ವಿಳಾಸಗಳನ್ನು ಮಾತ್ರ ತಡೆಯುತ್ತದೆ. ಆ ಕಚೇರಿಗೆ ಹೆಸರೇ ಇಲ್ಲವಾದರೆ, ಚೆಕ್_ಕ್ಲೈಂಟ್_ಆ್ಯಕ್ಸೆಸ್ ಕೋಷ್ಟಕದಲ್ಲಿ ಅವರ ಐಪಿ ವಿಳಾಸದ ಮುಂದೆ ಒಕೆ ಎಂದು ಬರೆದು, ಆ ಸಾಲನ್ನು ರಿಜೆಕ್ಟ್_ಅನ್‌ಆತ್_ಡೆಸ್ಟಿನೇಶನ್ ಆದ ಮೇಲೆ, ಈ ನಿಯಮಕ್ಕಿಂತ ಮೊದಲು ಇಡಿ. ಸ್ಥಾನದ ಬಗ್ಗೆ ಎಚ್ಚರವಿರಲಿ. ನಿಯಮಗಳನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ, ಒಂದು ಒಕೆ ಸಿಕ್ಕಿದರೆ ಅದೇ ಪಟ್ಟಿಯ ಉಳಿದವನ್ನು ನೋಡುವುದಿಲ್ಲ. ಅದು ರಿಜೆಕ್ಟ್_ಅನ್‌ಆತ್_ಡೆಸ್ಟಿನೇಶನ್‌ಗಿಂತ ಮೊದಲೇ ಬಂದು, ರಿಲೇಗೆ ಬೇರೆ ತಡೆಯೂ ಇಲ್ಲದಿದ್ದರೆ, ಆ ವಿಳಾಸದವರು ನಿಮ್ಮ ಸರ್ವರ್ ಮೂಲಕ ಯಾರಿಗೆ ಬೇಕಾದರೂ ಮೇಲ್ ಕಳುಹಿಸಬಹುದು.

ಉಳಿದ ಯಾರಿಗೆ ತೊಂದರೆಯಾಗುತ್ತದೆಂದು ತಿಳಿಯಬೇಕಾದರೆ ಹೊಸ ನಿಯಮದ ಮುಂದೆ ವಾರ್ನ್_ಇಫ್_ರಿಜೆಕ್ಟ್ ಎಂದು ಸೇರಿಸಿ. ಆಗ ತಿರಸ್ಕರಿಸದೆ ಲಾಗ್‌ನಲ್ಲಿ ಎಚ್ಚರಿಕೆಯನ್ನಷ್ಟೇ ಬರೆಯುತ್ತದೆ. ಒಂದು ವಾರ ನೋಡಿ ಆಮೇಲೆ ತೀರ್ಮಾನಿಸಿ.

ಅಂಚೆಯಣ್ಣ (ಬುಧವಾರ, ಬೆಳಿಗ್ಗೆ 7.00)

ಇನ್ನೊಂದು ಕೆಲಸ ಬಾಕಿ ಇದೆ, ಅದನ್ನು ಯಾರೂ ಹೇಳಿಲ್ಲ. ಭಾನುವಾರದಿಂದ ಮಂಗಳವಾರ ಬೆಳಿಗ್ಗೆಯವರೆಗೆ 554 ಎಂದು ತಿರಸ್ಕೃತವಾದ ಮೇಲ್‌ಗಳು ತಾವಾಗಿ ಮತ್ತೆ ಬರುವುದಿಲ್ಲ. ತಿರಸ್ಕಾರ ಆರ್‌ಸಿಪಿಟಿ ಹಂತದಲ್ಲೇ (ಸ್ವೀಕರಿಸುವವರ ವಿಳಾಸ ತಿಳಿಸುವಾಗಲೇ) ಆದ ಕಾರಣ, ಆ ಪತ್ರಗಳ ಒಳಗೆ ಏನಿತ್ತೆಂದು ನಿಮ್ಮ ಸರ್ವರ್ ನೋಡಲೇ ಇಲ್ಲ, ವಿಷಯದ ಸಾಲೂ ಅದರ ಬಳಿ ಇಲ್ಲ. ಆದರೆ ಯಾರಿಂದ ಯಾರಿಗೆ ಎಂಬುದು ಲಾಗ್‌ನಲ್ಲಿದೆ, ಏಕೆಂದರೆ ಪೋಸ್ಟ್‌ಫಿಕ್ಸ್ ಪೂರ್ವನಿಯೋಜಿತವಾಗಿ ತಿರಸ್ಕಾರವನ್ನು ಸ್ವೀಕರಿಸುವವರ ವಿಳಾಸ ತಿಳಿಯುವವರೆಗೆ ತಡೆಹಿಡಿಯುತ್ತದೆ. ಉಬುಂಟು ಲಾಗ್ ಕಡತಗಳನ್ನು ವಾರಕ್ಕೊಮ್ಮೆ ಬದಲಿಸಿ ನಾಲ್ಕು ವಾರದ ನಂತರ ಅಳಿಸುವುದರಿಂದ, ಮೊದಲು ಅವನ್ನು ಬೇರೆ ಕಡೆ ನಕಲು ಮಾಡಿ.

ಆ ಪಟ್ಟಿಯಲ್ಲಿ ಮನುಷ್ಯರ ವಿಳಾಸಗಳಿಗೆ ಮತ್ತೆ ಕಳುಹಿಸುವಂತೆ ವಿನಂತಿಸಿ ಬರೆಯಿರಿ. ಬೌನ್ಸ್ ಪತ್ರ ಇಂಗ್ಲಿಷಿನಲ್ಲಿ ಬಂದಿರುತ್ತದೆ. ಬಹಳಷ್ಟು ವಿದ್ಯಾರ್ಥಿಗಳು ಅದನ್ನು ಓದಿ ಅರ್ಥಮಾಡಿಕೊಂಡಿರುವುದಿಲ್ಲ, ಕಾಲೇಜಿಗೆ ತಲುಪಿತು ಎಂದೇ ನಂಬಿ ಕುಳಿತಿರುತ್ತಾರೆ. ಸ್ವಯಂಚಾಲಿತವಾಗಿ ಮೇಲ್ ಕಳುಹಿಸುವ ಪೋರ್ಟಲ್‌ಗಳ ವಿಷಯ ಇನ್ನೂ ಕಷ್ಟ. ಒಂದು ಶಾಶ್ವತ ತಿರಸ್ಕಾರ ಕಂಡರೆ ಹಲವು ಸೇವೆಗಳು ಆ ವಿಳಾಸವನ್ನೇ ಸತ್ತಿದೆಯೆಂದು ಗುರುತಿಸಿ, ಮುಂದೆ ಏನನ್ನೂ ಕಳುಹಿಸುವುದಿಲ್ಲ. ಲಾಗ್‌ನಲ್ಲಿ ಅವುಗಳ ಹೆಸರು ಬೌನ್ಸ್ ಎಂದೋ ಉದ್ದನೆಯ ಅಂಕೆಗಳಾಗಿಯೋ ಕಾಣುತ್ತದೆ, ಡೊಮೇನ್ ನೋಡಿ ಗುರುತಿಸಬೇಕು. ಅಂತಹ ಪ್ರತಿಯೊಂದು ಪೋರ್ಟಲ್‌ಗೆ ಲಾಗಿನ್ ಆಗಿ ಕಾಲೇಜಿನ ವಿಳಾಸವನ್ನು ಮತ್ತೆ ದೃಢೀಕರಿಸಬೇಕಾಗುತ್ತದೆ.

ತುಂಗಾತೀರ (ಶುಕ್ರವಾರ, ಸಂಜೆ 6.10)

ತಡವಾಗಿ ಉತ್ತರಿಸುತ್ತಿದ್ದೇನೆ. ಲಾಗ್‌ನಿಂದ ಹೆಸರುಗಳನ್ನು ಆಯ್ದು, ಕಚೇರಿಯ ಇಬ್ಬರು ಸಿಬ್ಬಂದಿಯೊಂದಿಗೆ ಎರಡು ದಿನ ಕುಳಿತು ಎಲ್ಲರಿಗೂ ಕನ್ನಡದಲ್ಲೇ ಪತ್ರ ಬರೆದೆವು, ದೂರವಾಣಿ ಸಂಖ್ಯೆ ಇದ್ದವರಿಗೆ ಕರೆ ಮಾಡಿದೆವು. ಅಂಚೆಯಣ್ಣ ಅವರು ಹೇಳಿದ್ದು ನಿಜ, ತಮ್ಮ ಮೇಲ್ ತಿರಸ್ಕೃತವಾಗಿದೆ ಎಂದು ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ. ವಿದ್ಯಾರ್ಥಿವೇತನದ ಒಂದು ಪೋರ್ಟಲ್ ನಮ್ಮ ವಿಳಾಸವನ್ನು ನಿಷ್ಕ್ರಿಯವೆಂದು ಗುರುತಿಸಿತ್ತು, ಮತ್ತೆ ದೃಢೀಕರಿಸಿದ ಮೇಲೆ ಪತ್ರಗಳು ಬರುತ್ತಿವೆ. ಕಾವೇರಿಬಯಲು ಅವರ ಸಲಹೆಯಂತೆ ನಿಯಮವನ್ನು ಸಡಿಲಗೊಳಿಸಿದ ಬಳಿಕ ಆ ಕಚೇರಿಯ ಮೇಲ್ ಕೂಡ ತಲುಪಿತು. ಅವರಿಗೆ ಹೆಸರಿತ್ತು, ವಿಳಾಸಕ್ಕೆ ಹೊಂದುತ್ತಿರಲಿಲ್ಲ, ಅದನ್ನು ಅವರಿಗೆ ತಿಳಿಸಿದ್ದೇನೆ. ಸಾಫ್ಟ್_ಬೌನ್ಸ್ ಅನ್ನು ಇಂದು ತೆಗೆದೆ.

ಬಯಲುಸೀಮೆ (ಶುಕ್ರವಾರ, ರಾತ್ರಿ 9.00)

ಮುಂದೆ ಇದೇ ರೀತಿ ಆದರೆ ಬೇಗ ತಿಳಿಯುವಂತೆ ಏನಾದರೂ ಮಾಡಿದ್ದೀರಾ?

ತುಂಗಾತೀರ (ಶನಿವಾರ, ಬೆಳಿಗ್ಗೆ 8.15)

ಹೌದು. ಕ್ರಾನ್‌ನಲ್ಲಿ ಗಂಟೆಗೊಮ್ಮೆ ನಡೆಯುವ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ. ಅದು ಝೆನ್‌ನಲ್ಲಿ 2.0.0.127 ಮತ್ತು 1.0.0.127 ಎರಡನ್ನೂ ಕೇಳುತ್ತದೆ, ಜೊತೆಗೆ ಕ್ರೂಟ್‌ನೊಳಗಿನ ರಿಸಾಲ್ವ್.ಕಾನ್ಫ್ ಮತ್ತು ಹೊರಗಿನದು ಒಂದೇ ಆಗಿವೆಯೇ ಎಂದು ಹೋಲಿಸುತ್ತದೆ. ವ್ಯತ್ಯಾಸ ಕಂಡರೆ ನನ್ನ ಮೊಬೈಲ್‌ಗೆ ಎಸ್‌ಎಂಎಸ್ ಬರುತ್ತದೆ. ಕಾಲೇಜಿನ ಮೇಲ್‌ಗೆ ಎಚ್ಚರಿಕೆ ಕಳುಹಿಸುವಂತೆ ಮೊದಲು ಬರೆದಿದ್ದೆ, ಬೇರೆ ಸೇವೆಯ ಮೂಲಕ ಹೊರಟ ಆ ಎಚ್ಚರಿಕೆಯೂ ಇದೇ ಬಾಗಿಲಿನ ಹೊರಗೆ ನಿಲ್ಲುತ್ತದೆಂದು ಹೊಳೆದು ಬದಲಿಸಿದೆ.